ಅಜ್ಜನ ಕಾರಿಗೆ ಎರಡನೇ ಪಂಪ್ ಬೇಕೇ?

ಹಳೇ ಕಾರುಗಳ ಹುಚ್ಚು ಈಗ ನಮ್ಮ ವಯಸ್ಸಿನವರಿಗೂ ಹತ್ತಿದೆ. ಅಜ್ಜನ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿದ್ದ ಪ್ರೀಮಿಯರ್ ಪದ್ಮಿನಿಯನ್ನು ಹೊರಗೆಳೆದು, ತೊಳೆದು, ಬಣ್ಣ ಹೊಡೆಸಿ ರೀಲ್ಸ್ ಮಾಡಿದವರು ನನ್ನ ಕ್ಲಾಸಿನಲ್ಲೇ ಇಬ್ಬರಿದ್ದಾರೆ. ಅವರನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು ಇದೆ, ಅಷ್ಟೇ. ಆದರೆ ಇಂಥ ಕಾರುಗಳನ್ನು ಎಬ್ಬಿಸಿ ರಸ್ತೆಗಿಳಿಸುವಾಗ ಬಹಳ ಮಂದಿ ಮಾಡಿಸುವ ಒಂದು ಕೆಲಸದ ಬಗ್ಗೆ ನನ್ನ ತಕರಾರಿದೆ. ಎಂಜಿನ್ನಿಗೆ ಮೊದಲಿನಿಂದಲೂ ಇರುವ ಮೆಕ್ಯಾನಿಕಲ್ ಪೆಟ್ರೋಲ್ ಪಂಪನ್ನು ಹಾಗೇ ಬಿಟ್ಟು, ಹಿಂದೆ ಟ್ಯಾಂಕಿನ ಹತ್ತಿರ ಒಂದು ಎಲೆಕ್ಟ್ರಿಕ್ ಪಂಪ್ ಸೇರಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸಾದಾ ಸ್ವಿಚ್ ಕೊಟ್ಟುಬಿಡುವುದು. ‘ಡಬಲ್ ಪಂಪ್ ಹಾಕಿಸಿದ್ದೀನಿ, ಇನ್ನು ಟೆನ್ಷನ್ ಇಲ್ಲ’ ಎನ್ನುವುದು ಅದರ ಮೇಲಿನ ಮಾತು.

ನನ್ನ ತಕರಾರು ಆ ಎರಡನೇ ಪಂಪಿನ ಮೇಲಲ್ಲ. ಆ ಸ್ವಿಚ್ಚಿನ ಮೇಲೆ.

ನಾನು ಮೆಕ್ಯಾನಿಕಲ್ ಬಿಇ ಮೂರನೇ ವರ್ಷದ ವಿದ್ಯಾರ್ಥಿ. ಕಳೆದ ಎರಡು ರಜೆಗಳನ್ನು ದಾವಣಗೆರೆಯ ಒಂದು ಹಳೇ ಗ್ಯಾರೇಜಿನಲ್ಲಿ ಕಳೆದಿದ್ದೇನೆ. ಸಂಬಳವಿಲ್ಲ, ಎರಡು ಹೊತ್ತು ಚಹಾ, ಮಧ್ಯಾಹ್ನ ಮಂಡಕ್ಕಿ–ಮಿರ್ಚಿ. ಅಲ್ಲಿ ಪದ್ಮಿನಿ, ಅಂಬಾಸಡರ್, ಅಪರೂಪಕ್ಕೊಂದು ಮಾರಿಸ್ ಮೈನರ್ ಬರುತ್ತವೆ. ಪದ್ಮಿನಿಯ 1089 ಸಿಸಿ ಎಂಜಿನ್ನಿನ ಪಕ್ಕಕ್ಕೆ ಎರಡು ಬೋಲ್ಟಿನಲ್ಲಿ ಕೂತಿರುವ ಆ ಪುಟ್ಟ ಪಂಪನ್ನು ನಾನು ಮೊದಲು ಬಿಚ್ಚಿ ನೋಡಿದ್ದು ಅಲ್ಲೇ. ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ, ಒಂದು ಚಿತ್ರ. ಕೈಯಲ್ಲಿ ಹಿಡಿದಾಗ ಗೊತ್ತಾಗುತ್ತದೆ ಅದು ಎಷ್ಟು ಜಾಣ ಯಂತ್ರ ಅಂತ.

ಒಳಗೆ ಇರುವುದು ಒಂದು ಬಟ್ಟೆ–ರಬ್ಬರಿನ ತೆಳು ಡಯಾಫ್ರಾಮ್, ಒಂದು ಸ್ಪ್ರಿಂಗ್, ಎರಡು ಒಮ್ಮುಖ ವಾಲ್ವ್‌ಗಳು. ಎಂಜಿನ್ ತಿರುಗಿದಾಗ ಕ್ಯಾಮ್‌ಶಾಫ್ಟಿನ ಮೇಲಿನ ಉಬ್ಬು ಒಂದು ತೋಳನ್ನು ಒತ್ತುತ್ತದೆ, ತೋಳು ಡಯಾಫ್ರಾಮನ್ನು ಕೆಳಗೆ ಎಳೆಯುತ್ತದೆ, ಟ್ಯಾಂಕಿನಿಂದ ಪೆಟ್ರೋಲ್ ಒಳಗೆ ಬರುತ್ತದೆ. ಅದನ್ನು ಕಾರ್ಬ್ಯುರೇಟರಿಗೆ ತಳ್ಳುವುದು ಮಾತ್ರ ಕ್ಯಾಮ್ ಅಲ್ಲ, ಸ್ಪ್ರಿಂಗ್. ಇದೇ ಇದರ ಗುಟ್ಟು. ಕಾರ್ಬ್ಯುರೇಟರಿನ ಬಟ್ಟಲು ತುಂಬಿ ಫ್ಲೋಟ್ ಮೇಲೆದ್ದು ಸೂಜಿ ವಾಲ್ವ್ ಮುಚ್ಚಿಕೊಂಡರೆ ಪೆಟ್ರೋಲಿಗೆ ಹೋಗಲು ಜಾಗವಿಲ್ಲ. ಆಗ ಡಯಾಫ್ರಾಮ್ ಕೆಳಗೇ ನಿಂತುಬಿಡುತ್ತದೆ, ತೋಳು ಸುಮ್ಮನೆ ಆಡುತ್ತಿರುತ್ತದೆ. ಎಂಜಿನ್ ಎಷ್ಟೇ ಜೋರಾಗಿ ತಿರುಗಲಿ, ಒತ್ತಡ ಸ್ಪ್ರಿಂಗ್ ಕೊಡುವುದಕ್ಕಿಂತ ಹೆಚ್ಚಾಗುವುದಿಲ್ಲ. ಅದು ಸಾಮಾನ್ಯವಾಗಿ 3ರಿಂದ 5 ಪಿಎಸ್ಐ. ನಮ್ಮ ಬೈಕಿನ ಟೈರಿಗೆ ನಾವು ತುಂಬಿಸುವ ಗಾಳಿ 30ರ ಆಸುಪಾಸು ಎಂದು ನೆನಪಿಟ್ಟುಕೊಂಡರೆ ಇದು ಎಷ್ಟು ಮೆಲುವಾದ ಒತ್ತಡ ಎಂದು ಅಂದಾಜಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ: ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಯಾರೂ ಆಫ್ ಮಾಡಬೇಕಿಲ್ಲ, ಫ್ಯೂಸ್ ಇಲ್ಲ, ರಿಲೇ ಇಲ್ಲ.

ಹಾಗಾದರೆ ಇಂಥದ್ದಕ್ಕೆ ಜೊತೆ ಯಾಕೆ ಬೇಕು? ಬೇಕಾಗುವುದಕ್ಕೆ ನಿಜವಾದ ಕಾರಣಗಳಿವೆ, ಅವನ್ನು ತಳ್ಳಿಹಾಕುವ ‘ಒರಿಜಿನಲ್ಲೇ ಇರಲಿ’ ಪಂಥದವನು ನಾನಲ್ಲ.

ಮೊದಲನೆಯದು, ಈ ಕಾರುಗಳು ಈಗ ದಿನವೂ ಓಡುವುದಿಲ್ಲ. ಮದುವೆ, ಹಬ್ಬ, ತಿಂಗಳಿಗೊಂದು ಭಾನುವಾರ. ಮೂರು ವಾರ ನಿಂತ ಕಾರಿನ ಕಾರ್ಬ್ಯುರೇಟರ್ ಬಟ್ಟಲಲ್ಲಿ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಮೆಕ್ಯಾನಿಕಲ್ ಪಂಪ್ ಮತ್ತೆ ಟ್ಯಾಂಕಿನಿಂದ ಎಳೆದು ತರಬೇಕಾದರೆ ಎಂಜಿನ್ ತಿರುಗಬೇಕು. ಎಂಜಿನ್ ತಿರುಗಬೇಕಾದರೆ ಸ್ಟಾರ್ಟರ್ ಮೋಟಾರ್ ತಿಣುಕಬೇಕು. ಅಷ್ಟರಲ್ಲಿ ಬ್ಯಾಟರಿ ಕೈಕೊಡುತ್ತದೆ. ಹಲವು ಹಳೇ ಪಂಪುಗಳಿಗೆ ಕೈಯಿಂದ ಆಡಿಸುವ ಸಣ್ಣ ಲಿವರ್ ಇರುತ್ತದೆ. ಬಾನೆಟ್ ಎತ್ತಿ ಇಪ್ಪತ್ತು ಸಲ ಟಕ ಟಕ ಎಂದು ಆಡಿಸಿದರೆ ಬಟ್ಟಲು ತುಂಬುತ್ತದೆ. ಆದರೆ ರೇಷ್ಮೆ ಪಂಚೆ ಉಟ್ಟು ಮದುವೆಗೆ ಹೊರಟವರು ಯಾರು ಆಡಿಸುತ್ತಾರೆ?

ಎರಡನೆಯದು ವೇಪರ್ ಲಾಕ್. ಬೇಸಿಗೆಯಲ್ಲಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಲಾರಿಯ ಹಿಂದೆ ಸಿಕ್ಕಿಕೊಂಡ ಹಳೇ ಕಾರು ಕೆಮ್ಮಿ ನಿಂತುಬಿಡುವುದನ್ನು ನಮ್ಮ ಅಪ್ಪಂದಿರು ಕಂಡಿದ್ದಾರೆ. ಡ್ರೈವರ್ ಇಳಿದು, ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ, ಬೀಡಿ ಸೇದುತ್ತಾ ಕಾಯುತ್ತಿದ್ದ. (ಪೆಟ್ರೋಲ್ ಪಂಪಿನ ಪಕ್ಕ ಬೀಡಿ! ಆ ಕಾಲದವರ ಧೈರ್ಯಕ್ಕೆ ದೊಡ್ಡ ನಮಸ್ಕಾರ.) ಎಂಜಿನ್ ಬಿಸಿಗೆ ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಕುದಿದು ಆವಿಯಾಗಿರುತ್ತದೆ, ಪಂಪ್ ದ್ರವವನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲು ಅದರ ಕೈಲಾಗದು.

ಇದನ್ನು ಅರ್ಥ ಮಾಡಿಕೊಳ್ಳಲು ಥರ್ಮೋಡೈನಮಿಕ್ಸ್ ಬೇಡ, ತೋಟಕ್ಕೆ ಹೋದರೆ ಸಾಕು. ಮೊದಲು ತೆರೆದ ಬಾವಿಯ ದಡದಲ್ಲಿ ಮೋಟಾರ್ ಕೂರಿಸಿ ನೀರೆಳೆಯುತ್ತಿದ್ದರು. ಮೇಲಿನಿಂದ ಎಳೆಯುವ ಪಂಪಿಗೆ ಒಂದು ಮಿತಿಯಿದೆ; ಲೆಕ್ಕದ ಪ್ರಕಾರವೇ ಸುಮಾರು 10 ಮೀಟರ್ ದಾಟುವುದಿಲ್ಲ, ನಿಜದಲ್ಲಿ ಇನ್ನೂ ಕಡಿಮೆ. ನೀರು ಆಳಕ್ಕೆ ಹೋದಂತೆ ನಾವು ಮೋಟಾರನ್ನೇ ಕೊಳವೆಬಾವಿಯೊಳಗೆ ಇಳಿಸಿದೆವು. ಸಬ್‌ಮರ್ಸಿಬಲ್ ಎಳೆಯುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ಎಲೆಕ್ಟ್ರಿಕ್ ಪೆಟ್ರೋಲ್ ಪಂಪನ್ನು ಟ್ಯಾಂಕಿನ ಹತ್ತಿರ ಕೂರಿಸುವುದು ಇದೇ ಕಾರಣಕ್ಕೆ. ಎಳೆದಾಗ ಪೈಪಿನೊಳಗಿನ ಒತ್ತಡ ಇಳಿದು ಪೆಟ್ರೋಲ್ ಬೇಗ ಕುದಿಯುತ್ತದೆ. ತಳ್ಳಿದಾಗ ಒತ್ತಡ ಏರಿ ಕುದಿಯುವುದು ತಡವಾಗುತ್ತದೆ. ಅಡುಗೆಮನೆಯ ಕುಕ್ಕರಿನ ನಿಯಮವೇ.

ಅಂದಹಾಗೆ, ಎಲೆಕ್ಟ್ರಿಕ್ ಪಂಪ್ ಎಂದರೆ ಹೊಸ ಕಾಲದ್ದು, ಮೆಕ್ಯಾನಿಕಲ್ ಎಂದರೆ ಹಳೇ ಕಾಲದ್ದು ಎನ್ನುವ ಲೆಕ್ಕವೂ ಸರಿಯಲ್ಲ. ಮಾರಿಸ್ ಮೈನರ್‌ಗೆ ಕಾರ್ಖಾನೆಯಿಂದಲೇ ಎಸ್‌ಯು ಎಲೆಕ್ಟ್ರಿಕ್ ಪಂಪ್ ಬರುತ್ತಿತ್ತು. ಕೀಲಿ ತಿರುವಿದರೆ ಟಿಕ್ ಟಿಕ್ ಎಂದು ಬಡಿದುಕೊಂಡು, ಬಟ್ಟಲು ತುಂಬಿದ ಮೇಲೆ ತಾನೇ ಸುಮ್ಮನಾಗುತ್ತದೆ. ಸುಮ್ಮನಾಗಬಾರದಾಗ ಸುಮ್ಮನಾದರೆ ಸ್ಪ್ಯಾನರ್‌ನಿಂದ ಮೆಲ್ಲಗೆ ಒಂದು ಏಟು ಕೊಡುವುದು ಅದರ ಸರ್ವಿಸ್. ಇನ್ನು ಈ ಕಡೆ ನೋಡಿದರೆ, ಇಂದಿನ ಟರ್ಬೊ ಜಿಡಿಐ ಕಾರುಗಳಲ್ಲಿ ಎರಡೂ ಇವೆ: ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್, ಎಂಜಿನ್ ಮೇಲೆ ಕ್ಯಾಮ್‌ಶಾಫ್ಟಿನಿಂದ ಓಡುವ ಮೆಕ್ಯಾನಿಕಲ್ ಹೈ ಪ್ರೆಷರ್ ಪಂಪ್. ಅದು ಪೆಟ್ರೋಲನ್ನು 100 ಬಾರ್‌ಗಿಂತ ಬಹಳ ಮೇಲಿನ ಒತ್ತಡಕ್ಕೆ ಏರಿಸುತ್ತದೆ. ಅಂದರೆ ಎರಡು ಪಂಪ್ ಜೊತೆಗೆ ದುಡಿಯುವುದು ಗುಜರಿ ಬುದ್ಧಿಯಲ್ಲ, ಇವತ್ತಿನ ಶೋರೂಮಿನಲ್ಲೂ ಇರುವ ವಿಚಾರ. ವ್ಯತ್ಯಾಸವೆಂದರೆ ಶೋರೂಮ್ ಕಾರಿನಲ್ಲಿ ಆ ಎರಡರ ನಡುವೆ ಒಂದು ಕಂಪ್ಯೂಟರ್ ಕೂತಿದೆ. ಎಂಜಿನ್ ನಿಂತದ್ದು ಗೊತ್ತಾದ ಕೂಡಲೇ ಅದು ಟ್ಯಾಂಕಿನ ಪಂಪನ್ನು ಬಂದ್ ಮಾಡುತ್ತದೆ. ಅಜ್ಜನ ಪದ್ಮಿನಿಯಲ್ಲಿ ಆ ಜಾಗದಲ್ಲಿ ಕೂತಿರುವುದು ಮೂವತ್ತು ರೂಪಾಯಿಯ ಸ್ವಿಚ್.

ಸ್ವಿಚ್ ಆನ್ ಇರುವಾಗ ಏನೇನು ಕೆಡಬಹುದು? ಈ ಪ್ರಶ್ನೆಯನ್ನು ಹಾಕಿಸುವವರೂ ಕೇಳುವುದಿಲ್ಲ, ಹಾಕುವವರೂ ಹೇಳುವುದಿಲ್ಲ.

ಸಾಮಾನ್ಯವಾಗಿ ಎಲೆಕ್ಟ್ರಿಕ್ ಪಂಪನ್ನು ಮೆಕ್ಯಾನಿಕಲ್ ಪಂಪಿನ ಹಿಂದೆ, ಒಂದೇ ಸಾಲಿನಲ್ಲಿ ಜೋಡಿಸುತ್ತಾರೆ. ಪೆಟ್ರೋಲ್ ಹಳೇ ಡಯಾಫ್ರಾಮಿನ ಮೇಲೆಯೇ ಹಾದುಹೋಗಬೇಕು. ಆ ಡಯಾಫ್ರಾಮ್ ಹರಿದರೆ? ಎಲೆಕ್ಟ್ರಿಕ್ ಪಂಪ್ ಇಲ್ಲದ ಕಾರಿನಲ್ಲಿ ಹರಿದ ಪಂಪ್ ಎಳೆಯುವುದನ್ನೇ ನಿಲ್ಲಿಸುತ್ತದೆ, ಕಾರು ನಿಲ್ಲುತ್ತದೆ, ಬೈದುಕೊಂಡು ಬಸ್ಸಿನಲ್ಲಿ ಮನೆಗೆ ಹೋಗುತ್ತೀರಿ. ಹಿಂದಿನಿಂದ ತಳ್ಳುವವನು ಒಬ್ಬನಿದ್ದರೆ ಕಥೆ ಬೇರೆ. ಪೆಟ್ರೋಲ್ ಆ ಹರಕಿನಿಂದ ಕೆಳಗಿಳಿದು, ಪಂಪಿನ ಮೈಯಲ್ಲಿರುವ ಸಣ್ಣ ಸೋರು ರಂಧ್ರದಿಂದ ಹೊರಗೆ ತೊಟ್ಟಿಕ್ಕಬಹುದು, ಅಥವಾ ಸೀದಾ ಎಂಜಿನ್ ಆಯಿಲ್ ಸಂಪ್‌ಗೆ ಇಳಿಯಬಹುದು. ಲೆಕ್ಕ ಹಾಕಿ: ಗಂಟೆಗೆ 60 ಕಿ.ಮೀ. ವೇಗದಲ್ಲಿ, ಲೀಟರಿಗೆ 12 ಕಿ.ಮೀ. ಕೊಡುವ ಕಾರಿಗೆ ಗಂಟೆಗೆ ಬೇಕಾದದ್ದು 5 ಲೀಟರ್. ಪಂಪ್ ಗಂಟೆಗೆ 60 ಲೀಟರ್ ಹರಿಸುವಂಥದ್ದು ಎಂದುಕೊಂಡರೆ, ಅಡ್ಡಿಯಿಲ್ಲದೆ ಬಿಟ್ಟಾಗ ಅದು ನಿಮಿಷಕ್ಕೆ 1 ಲೀಟರ್ ಸುರಿಯಬಲ್ಲದು. ಎಂಜಿನ್ ಕುಡಿಯದ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ ಎಂಬುದು ಹರಕು ಎಷ್ಟು ದೊಡ್ಡದು ಎಂಬುದರ ಮೇಲಿದೆ.

ಇಂಥದ್ದೊಂದು ಪದ್ಮಿನಿ ನಾವಿದ್ದ ಗ್ಯಾರೇಜಿಗೆ ಟೋ ಆಗಿ ಬಂತು. ನಿವೃತ್ತ ಮೇಷ್ಟ್ರೊಬ್ಬರದ್ದು. ಮೊಮ್ಮಗಳ ಮದುವೆಗೆಂದು ಬೇರೆಲ್ಲೋ ರೆಡಿ ಮಾಡಿಸಿದ್ದರು, ಡಬಲ್ ಪಂಪ್ ಸಮೇತ. ಸ್ಟಾರ್ಟಿಂಗ್ ಅಷ್ಟು ಚೆನ್ನಾಗಿ ಬರುತ್ತಿತ್ತಂತೆ, ಸ್ವಿಚ್ಚನ್ನು ಆಫ್ ಮಾಡುವ ಗೋಜಿಗೇ ಹೋಗಿರಲಿಲ್ಲ. ‘ಆಯಿಲೂ ಕುಡೀತಿರಲಿಲ್ಲ, ಲೆವೆಲ್ ಮೇಲೇ ಇರ್ತಿತ್ತು’ ಎಂದು ಹೆಮ್ಮೆಯಿಂದ ಹೇಳಿದರು. ಮೇಸ್ತ್ರಿ ಏನೂ ಮಾತಾಡದೆ ಡಿಪ್‌ಸ್ಟಿಕ್ ಎಳೆದು, ಮೂಸಿ, ನನ್ನ ಕೈಗೆ ಕೊಟ್ಟರು. ‘ಏನ್ ವಾಸ್ನಿ ಹೇಳಪಾ ಇಂಜಿನಿಯರೇ?’ ಪೆಟ್ರೋಲ್. ಆಯಿಲ್ ನೀರಿನಷ್ಟು ತೆಳ್ಳಗಾಗಿತ್ತು. ಅವರು ಮೊದಲು ಮಾಡಿದ್ದು ಶೆಡ್ಡಿನಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ, ಬ್ಯಾಟರಿ ಟರ್ಮಿನಲ್ ಕಳಚಿದ್ದು. ಆಮೇಲೆ ಸಂಪ್ ಇಳಿಸಿ ನೋಡಿದರೆ ಬಿಗ್ ಎಂಡ್ ಬೇರಿಂಗುಗಳು ತಾಮ್ರ ಬಣ್ಣಕ್ಕೆ ಸವೆದಿದ್ದವು. ಕ್ರ್ಯಾಂಕ್ ಗ್ರೈಂಡಿಂಗ್ ಆಗಬೇಕು, ಬೇರಿಂಗ್ ಸೆಟ್ ಹುಡುಕಬೇಕು. ಮೊಮ್ಮಗಳು ಬಾಡಿಗೆ ಕಾರಿನಲ್ಲಿ ಛತ್ರಕ್ಕೆ ಹೋದಳು. ಬೆಂಕಿ ಹತ್ತಲಿಲ್ಲ ಎನ್ನುವುದನ್ನು ಮೇಷ್ಟ್ರು ದೇವರ ದಯೆ ಎಂದರು. ಮೇಸ್ತ್ರಿಯೂ ಹೂಂ ಅಂದರು.

ಆಯಿಲ್ ಲೆವೆಲ್ ತಾನಾಗಿ ಏರುತ್ತಿದ್ದರೆ ಖುಷಿಪಡಬೇಡಿ. ಆಯಿಲ್ ಮರಿ ಹಾಕುವುದಿಲ್ಲ.

ಕಾರ್ಬ್ಯುರೇಟರ್ ತುದಿಯಲ್ಲೂ ಅಪಾಯವಿದೆ. ಸೂಜಿ ವಾಲ್ವಿನಲ್ಲಿ ಒಂದು ಕಸದ ಚೂರು ಸಿಕ್ಕಿಕೊಂಡರೆ ಬಟ್ಟಲು ತುಂಬಿ ಹೊರಚೆಲ್ಲುತ್ತದೆ. ಎಂಜಿನ್ ನಿಂತರೂ ಎಲೆಕ್ಟ್ರಿಕ್ ಪಂಪ್ ನಿಲ್ಲುವುದಿಲ್ಲ. ಅಂಬಾಸಡರಿನ 1489 ಸಿಸಿ ಬಿ–ಸೀರೀಸ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರೂ ಎಕ್ಸಾಸ್ಟೂ ಒಂದೇ ಬದಿಗಿವೆ. ಚೆಲ್ಲಿದ್ದು ಎಲ್ಲಿ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇದಕ್ಕೂ ಮಿಗಿಲಾದ ಸಾಹಸವೆಂದರೆ ಗುಜರಿಯಲ್ಲಿ ಸಿಕ್ಕ ಇಂಜೆಕ್ಷನ್ ಕಾರಿನ ಪಂಪ್ ತಂದು ಜೋಡಿಸುವುದು. ಅದು ಹುಟ್ಟಿರುವುದೇ ಸುಮಾರು 3 ಬಾರ್, ಅಂದರೆ 40 ಪಿಎಸ್ಐಗಿಂತ ಹೆಚ್ಚಿನ ಒತ್ತಡಕ್ಕೆ. ಕಾರ್ಬ್ಯುರೇಟರಿನ ಪಾಪದ ಸೂಜಿ ವಾಲ್ವ್ ತಡೆಯಬಲ್ಲದ್ದು ಅದರ ಹತ್ತನೇ ಒಂದು ಭಾಗ.

ಕೊನೆಯದಾಗಿ ಅಪಘಾತ. ಕಾರು ಗುದ್ದಿ, ಎಂಜಿನ್ ನಿಂತು, ಪೈಪ್ ತುಂಡಾಗಿ, ಚಾಲಕ ಪ್ರಜ್ಞೆ ತಪ್ಪಿದ್ದಾನೆ. ಡ್ಯಾಶ್‌ಬೋರ್ಡಿನ ಕೆಳಗಿನ ಸ್ವಿಚ್ಚನ್ನು ಯಾರು ಆಫ್ ಮಾಡಬೇಕು?

ಇಷ್ಟೆಲ್ಲ ಹೇಳಿದ ಮೇಲೆ ‘ಹಾಗಾದರೆ ಮೆಕ್ಯಾನಿಕಲ್ ಪಂಪನ್ನು ಕಿತ್ತುಹಾಕಿ, ಬ್ಲ್ಯಾಂಕಿಂಗ್ ಪ್ಲೇಟ್ ಮುಚ್ಚಿ, ಬರೀ ಎಲೆಕ್ಟ್ರಿಕ್ ಇಟ್ಟುಕೊಳ್ಳೋಣ’ ಎನ್ನುವವರಿದ್ದಾರೆ. ಅದು ಗೌರವಿಸಬೇಕಾದ ವಾದ. ಹರಿಯುವ ಡಯಾಫ್ರಾಮೇ ಇಲ್ಲದಿದ್ದರೆ ಸಂಪ್‌ಗೆ ಪೆಟ್ರೋಲ್ ಇಳಿಯುವ ದಾರಿಯೂ ಇಲ್ಲ. ಆದರೆ ಮಿಕ್ಕ ಎರಡು ಅಪಾಯಗಳು ಹಾಗೇ ಉಳಿಯುತ್ತವೆ, ಜೊತೆಗೆ ರಾತ್ರಿ ಹೊತ್ತು ಹಿರಿಯೂರಿನ ಆಚೆ ಒಂದು ವೈರು ಕಳಚಿದರೆ ಕಾರು ಅಲ್ಲೇ. ಎಂಜಿನ್ನಿಗೇ ಅಂಟಿಕೊಂಡು, ಕರೆಂಟೇ ಇಲ್ಲದೆ ದುಡಿಯುವ ಒಂದು ಪಂಪನ್ನು ಕೈಯಾರೆ ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಸಣ್ಣ ಕಾನೂನಿನ ಮಾತು: 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಮಾರ್ಪಾಡಾಗಿರಬಾರದು. ಹಾಗಾಗಿ ಏನೇ ಸೇರಿಸಿದರೂ ನಾಳೆ ಬಿಚ್ಚಿದರೆ ಗುರುತು ಉಳಿಯದಂತೆ ಸೇರಿಸುವುದು ಜಾಣತನ.

‘ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದಿದೆ’ ಎಂಬ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ರಿಲಯಬಿಲಿಟಿ ಪಾಠ ಓದಿದವರಿಗೆ ಗೊತ್ತು: ನೂರಕ್ಕೆ 95 ಸಲ ಕೈಕೊಡದ ಎರಡು ಭಾಗಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಟ್ಟು ಭರವಸೆ 90.25ಕ್ಕೆ ಇಳಿಯುತ್ತದೆ, ಸಮಾಂತರವಾಗಿ ಜೋಡಿಸಿದರೆ 99.75ಕ್ಕೆ ಏರುತ್ತದೆ. (ಅಂಕಿಗಳು ಉದಾಹರಣೆಗೆ ಮಾತ್ರ.) ಒಂದೇ ಸಾಲಿನ ಎರಡು ಪಂಪ್ ನಿಜವಾಗಿ ಯಾವ ಲೆಕ್ಕಕ್ಕೆ ಸೇರುತ್ತವೆ ಎಂಬುದು ಎಲೆಕ್ಟ್ರಿಕ್ ಪಂಪಿನ ಜಾತಿಯ ಮೇಲಿದೆ. ಕೆಲವು ಪಂಪುಗಳು ಆಫ್ ಆಗಿದ್ದರೂ ತಮ್ಮ ಮೂಲಕ ಪೆಟ್ರೋಲ್ ಹಾದುಹೋಗಲು ಬಿಡುತ್ತವೆ. ಆಗ ಮೆಕ್ಯಾನಿಕಲ್ ಪಂಪ್ ಅದರ ಮೂಲಕವೇ ಎಳೆದುಕೊಳ್ಳಬಲ್ಲದು. ತಿರುಗುವ ರೆಕ್ಕೆಗಳಿರುವ ರೋಟರಿ ವೇನ್ ಪಂಪ್ ನಿಂತರೆ ಬಾಗಿಲು ಮುಚ್ಚಿದ ಹಾಗೆ. ಬೈಪಾಸ್ ಇಲ್ಲದಿದ್ದರೆ ಒಂದು ಕೆಟ್ಟರೆ ಎರಡೂ ಕೆಟ್ಟಂತೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಂಪ್ ಕೊಳ್ಳುವಾಗ ರೇಟು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡೇ: ಎಷ್ಟು ಪಿಎಸ್ಐ? ಆಫ್ ಇದ್ದಾಗ ಪೆಟ್ರೋಲ್ ದಾಟುತ್ತಾ? ಎರಡಕ್ಕೂ ‘ಎಲ್ಲಾ ಗಾಡಿಗೂ ಆಗುತ್ತೆ ಸಾರ್’ ಎಂಬ ಉತ್ತರ ಬಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಸಮಾಂತರ ಜೋಡಣೆಯಲ್ಲಿ ಎಲೆಕ್ಟ್ರಿಕ್ ಪಂಪಿಗೆ ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ತನ್ನದೇ ಪೈಪ್ ಇರುತ್ತದೆ. ಎರಡು ದಾರಿ ಸೇರುವ ಕಡೆ ಒಮ್ಮುಖ ವಾಲ್ವ್ ಹಾಕಿದರೆ ಹಳೇ ಡಯಾಫ್ರಾಮಿನ ಮೇಲೆ ಹೊಸ ಪಂಪಿನ ಒತ್ತಡ ಬೀಳುವುದೇ ಇಲ್ಲ. ಪೈಪು, ಜಾಯಿಂಟು ಹೆಚ್ಚು, ಅಂದರೆ ಸೋರುವ ಜಾಗಗಳೂ ಹೆಚ್ಚು. ಕೆಲಸ ಗೊತ್ತಿರುವ ಮೇಸ್ತ್ರಿ ಸಿಕ್ಕರೆ ನಾನು ಇದಕ್ಕೇ ಮತ ಹಾಕುತ್ತೇನೆ.

ಎರಡು ಪಂಪುಗಳನ್ನು ಶಿಸ್ತಿನಿಂದ ಬಳಸುವವರನ್ನು ನೋಡಬೇಕಾದರೆ ತಲೆ ಎತ್ತಿ ನೋಡಬೇಕು. ಕಾರ್ಬ್ಯುರೇಟರ್ ಇರುವ ಹಳೇ ಸೆಸ್ನಾ 172 ವಿಮಾನದ ರೆಕ್ಕೆ ಮೇಲಿದೆ. ನಮ್ಮ ಹಳೇ ಬುಲೆಟ್ಟಿನ ಹಾಗೆ ಪೆಟ್ರೋಲ್ ತಾನೇ ಇಳಿಯುತ್ತದೆ. ಪೈಪರ್ ಚೆರೋಕಿಯ ರೆಕ್ಕೆ ಕೆಳಗಿದೆ, ಟ್ಯಾಂಕೂ ಅಲ್ಲೇ. ಅದಕ್ಕೆ ಎಂಜಿನ್ ಓಡಿಸುವ ಒಂದು ಪಂಪ್, ಜೊತೆಗೆ ಎಲೆಕ್ಟ್ರಿಕ್ ಪಂಪ್. ಪೈಲಟ್ ಎಲೆಕ್ಟ್ರಿಕ್ ಪಂಪನ್ನು ಹಾರುವಾಗ ಮತ್ತು ಇಳಿಯುವಾಗ ಆನ್ ಮಾಡುತ್ತಾನೆ, ಮೇಲೆ ಸಮಾಧಾನವಾಗಿ ಹಾರುವಾಗ ಆಫ್ ಮಾಡಿ ಪ್ರೆಷರ್ ಗೇಜ್ ನೋಡುತ್ತಾನೆ. ಆಫ್ ಮಾಡಿದಾಗ ಮುಳ್ಳು ಬಿದ್ದರೆ ಎಂಜಿನ್ ಪಂಪ್ ಸತ್ತಿದೆ ಎಂದು ಆಗಲೇ ಗೊತ್ತಾಗುತ್ತದೆ. ಯಾವಾಗ ಯಾರು ದುಡಿಯಬೇಕು ಎಂಬುದು ಚೆಕ್‌ಲಿಸ್ಟಿನಲ್ಲಿ ಬರೆದಿದೆ. ಸದಾ ಆನ್ ಇಟ್ಟುಕೊಂಡ ಮೇಷ್ಟ್ರಿಗೆ ತಮ್ಮ ಮೆಕ್ಯಾನಿಕಲ್ ಪಂಪ್ ಯಾವತ್ತು ಸತ್ತಿತು ಎಂಬುದೇ ತಿಳಿದಿರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ಬಹುತೇಕ ಹಳೇ ಕಾರುಗಳಿಗೆ ಎರಡನೇ ಪಂಪ್ ಬೇಕಿರುವುದು ಸ್ಟಾರ್ಟಿಂಗಿಗೆ ಮಾತ್ರ. ಅದಕ್ಕೆ ಆನ್–ಆಫ್ ಸ್ವಿಚ್ ಬೇಡವೇ ಬೇಡ. ಒತ್ತಿ ಹಿಡಿದಾಗ ಮಾತ್ರ ಕೆಲಸ ಮಾಡುವ, ಹಾರನ್ನಿನಂಥ ಗುಂಡಿ ಸಾಕು. ಹತ್ತು ಸೆಕೆಂಡ್ ಒತ್ತಿ, ಬಟ್ಟಲು ತುಂಬಲಿ, ಬೆರಳು ತೆಗೆಯಿರಿ, ಸ್ಟಾರ್ಟ್ ಮಾಡಿ. ಮರೆಯಲು ಏನೂ ಇರುವುದಿಲ್ಲ. ಘಾಟಿಯಲ್ಲಿ ಉದ್ದಕ್ಕೂ ಓಡಬೇಕು ಎನ್ನುವವರು ಎಂಜಿನ್ ತಿರುಗುತ್ತಿದ್ದರೆ ಮಾತ್ರ ಪಂಪಿಗೆ ಕರೆಂಟ್ ಬಿಡುವ ರಿಲೇ ಹಾಕಿಸಬೇಕು, ಅದರ ಜೊತೆ ಗುದ್ದಿದಾಗ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಮತ್ತು ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್. ಇಷ್ಟು ಖರ್ಚು ಮಾಡಲು ಮನಸ್ಸಿಲ್ಲದವರಿಗೆ ಒದ್ದೆ ಬಟ್ಟೆಯೇ ವಾಸಿ, ಬೀಡಿ ಬಿಟ್ಟು.

ಡಯಾಫ್ರಾಮಿನ ವಿಷಯಕ್ಕೆ ಇನ್ನೊಂದು ತುರ್ತು ಸೇರಿಕೊಂಡಿದೆ. 20% ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎರಡೇ ವರ್ಷದಲ್ಲಿ, 2025ಕ್ಕೆ, ದೇಶ ಆ ಮಟ್ಟ ಮುಟ್ಟಿತು. ಕಬ್ಬು ಬೆಳೆಯುವ ಮನೆಯ ಗೆಳೆಯರು ನನಗೂ ಇದ್ದಾರೆ, ಎಥನಾಲ್ ಬೇಡ ಎನ್ನುವ ಮಾತು ನನ್ನದಲ್ಲ. ಆದರೆ 1970ರ ದಶಕದ ರಬ್ಬರ್ ಇದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ಮೆದುವಾಗಿಸುತ್ತದೆ. ನೀರನ್ನೂ ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ತುಕ್ಕು ಎಬ್ಬಿಸುತ್ತದೆ. ಆ ತುಕ್ಕಿನ ಪುಡಿಯೇ ಸೂಜಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುವ ಕಸ. ಎಲೆಕ್ಟ್ರಿಕ್ ಪಂಪ್ ಸೇರಿಸುವ ಮೊದಲು ಎಥನಾಲ್ ತಡೆಯುವ ಹೊಸ ಡಯಾಫ್ರಾಮ್ ಕಿಟ್, ಹೊಸ ಹೋಸ್, ಪಂಪಿನ ಹಿಂದೆ ಒಂದು ಫಿಲ್ಟರ್ ಹಾಕಿಸಿ. ಹೊಸ ಪಂಪ್ ಕೊಂಡು ಹಳೇ ಡಯಾಫ್ರಾಮ್ ಉಳಿಸಿಕೊಳ್ಳುವುದು ಯಾವ ಉಳಿತಾಯವೂ ಅಲ್ಲ.

ಈ ಪುಟ ಓದುವ ಎಂಜಿನಿಯರಿಂಗ್ ಗೆಳೆಯರಿಗೆ ಇದರಲ್ಲೇನಿದೆ ಎಂದರೆ, ಇದೆ. ನಾಲ್ಕು ವರ್ಷ ನಾವು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಬರೆಯುತ್ತೇವೆ. ‘ವಿತ್ ಎ ನೀಟ್ ಸ್ಕೆಚ್’ ಹತ್ತು ಅಂಕ. ಅದು ಹೇಗೆ ಕೆಡುತ್ತದೆ, ಕೆಟ್ಟಾಗ ಯಾವ ಕಡೆಗೆ ಬೀಳುತ್ತದೆ ಎಂದು ಕೇಳುವ ಪ್ರಶ್ನೆಪತ್ರಿಕೆಯನ್ನು ನಾನಂತೂ ಇನ್ನೂ ಕಂಡಿಲ್ಲ. ಕೈಗಾರಿಕೆಯಲ್ಲಿ ಇದಕ್ಕೆ ಎಫ್‌ಎಂಇಎ ಎಂಬ ಹೆಸರಿದೆ, ಆಟೊಮೊಬೈಲ್ ಕಂಪನಿಗಳಲ್ಲಿ ಅದೇ ದಿನನಿತ್ಯದ ಕೆಲಸ. ನಮ್ಮ ಮೇಸ್ತ್ರಿಗೆ ಆ ಹೆಸರು ಗೊತ್ತಿಲ್ಲ; ಆ ಪ್ರಶ್ನೆ ಮಾತ್ರ ಅವರ ಬಾಯಲ್ಲಿ ಯಾವಾಗಲೂ ಇರುತ್ತದೆ: ‘ಇದು ಕೈಕೊಟ್ರೆ ಏನಾಗ್ತತಿ?’

ಉದಾಹರಣೆಗೆ ಬಹಳ ಮಂದಿ ಸುಲಭವೆಂದು ಹಾಕುವ ಒಂದು ಸರ್ಕ್ಯೂಟ್ ನೋಡಿ. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಉರಿಸುವ ಸ್ವಿಚ್, ಆಯಿಲ್ ಪ್ರೆಷರ್ ಇಲ್ಲದಾಗ ಅರ್ಥ್ ಆಗುತ್ತದೆ. ಅದರಿಂದ ಒಂದು ರಿಲೇ ಎಳೆಸಿ ಪಂಪಿನ ಕರೆಂಟ್ ಕಡಿಯುವುದು. ಪ್ರೆಷರ್ ಬಂದರೆ ರಿಲೇ ಬಿಡುತ್ತದೆ, ಪಂಪ್ ಓಡುತ್ತದೆ. ಕೆಲಸ ಮಾಡುತ್ತದೆಯೇ? ಚೆನ್ನಾಗಿ ಮಾಡುತ್ತದೆ. ಈಗ ಆಯಿಲ್ ಸ್ವಿಚ್ಚಿನ ವೈರ್ ಕಳಚಿ ಬಿತ್ತು ಎಂದುಕೊಳ್ಳಿ. ರಿಲೇ ಎಂದೂ ಎಳೆಯುವುದಿಲ್ಲ. ಎಂಜಿನ್ ನಿಂತರೂ ಪಂಪ್ ಓಡುತ್ತಲೇ ಇರುತ್ತದೆ. ಕಾವಲುಗಾರ ಸತ್ತರೆ ಬಾಗಿಲು ತೆರೆದುಕೊಳ್ಳುವ ವ್ಯವಸ್ಥೆ! ವೈರ್ ಯಾವುದೇ ತುಂಡಾದರೂ ಪಂಪ್ ನಿಲ್ಲುವಂತೆ ಸರ್ಕ್ಯೂಟನ್ನು ತಿರುಗಿಸಿ ಬರೆಯಬೇಕು.

ಕಾಲೇಜುಗಳ ಸುತ್ತಮುತ್ತ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳಿರುವುದು ಎಲ್ಲರಿಗೂ ಗೊತ್ತು. ಕೊನೇ ವರ್ಷಕ್ಕೆ ನಾವು ಮೂವರು ಅಲ್ಲಿಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿ ಈ ರಿಲೇಯನ್ನೇ ಹಿಡಿದುಕೊಂಡಿದ್ದೇವೆ. ಇಗ್ನಿಷನ್ ಕಾಯಿಲ್‌ನಿಂದ ಬರುವ ಮಿಡಿತವನ್ನು ಎಣಿಸಿ, ಮಿಡಿತವಿದ್ದರೆ ಮಾತ್ರ ಪಂಪ್. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸ್ಪಾರ್ಕ್. ಸ್ಟಾರ್ಟರ್ ನಿಮಿಷಕ್ಕೆ ನಿಧಾನವಾಗಿ 150 ಸುತ್ತು ತಿರುಗಿಸಿದರೂ ಸೆಕೆಂಡಿಗೆ 5 ಮಿಡಿತ ಸಿಗುತ್ತವೆ. ಹಾಗಾಗಿ ಒಂದು ಪೂರ್ತಿ ಸೆಕೆಂಡ್ ಮಿಡಿತವಿಲ್ಲದಿದ್ದರೆ ಎಂಜಿನ್ ನಿಂತಿದೆ ಎಂದು ಧೈರ್ಯವಾಗಿ ಹೇಳಬಹುದು. ಮೊದಲ ಪರೀಕ್ಷೆ ಬೆಂಚಿನ ಮೇಲೆ, ಪೆಟ್ರೋಲ್ ಬದಲು ನೀರಿನಲ್ಲಿ. ಕಾರಿಗೆ ಕೂರಿಸಲು ಮೇಸ್ತ್ರಿ ಒಪ್ಪಿದ್ದಾರೆ, ಆದರೆ ಒಂದು ಷರತ್ತು ಹಾಕಿದ್ದಾರೆ: ಅದಕ್ಕೆ ಮೊದಲು, ಪಂಪ್ ಓಡುತ್ತಿರುವಾಗಲೇ, ನಮ್ಮ ಡಬ್ಬಿಯ ಒಂದೊಂದೇ ವೈರನ್ನು ಅವರೇ ಕಟಿಂಗ್ ಪ್ಲೈಯರ್ ಹಿಡಿದು ಕತ್ತರಿಸಿ ನೋಡುತ್ತಾರಂತೆ.